ಪೈಪಿನ ಬಾಯಲ್ಲಿ ಕಡಲತಳ

ನ್ಯೂಜೆರ್ಸಿಯ ಮಾನ್ಮೌತ್ ಬೀಚ್‌ನಲ್ಲಿ ಕಿತ್ತಳೆ ಬಣ್ಣದ ಬೇಲಿಗೆ ಆತು ನಿಂತಿದ್ದೀರಿ. ಅಲೆಯ ಮೊರೆತವನ್ನೂ ಮೀರಿ ಕಬ್ಬಿಣದ ಪೈಪು ಗಡಗಡಿಸುತ್ತಿದೆ. ಒಳಗೆ ಮರಳು, ಚಿಪ್ಪು, ಬೆಣಚುಕಲ್ಲು ಗುದ್ದಾಡುತ್ತ ಓಡುತ್ತಿವೆ. ಹಿಲ್ಸ್‌ಬರೋದಿಂದ ಇಲ್ಲಿಗೆ ಕಾರಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಆ ಊರಂಚಿನ ರಾರಿಟನ್ ನದಿಯೂ ಇತ್ತ ಕಡೆಗೇ ಹರಿದು, ಸ್ಯಾಂಡಿ ಹುಕ್‌ನ ಹಿಂದಿನ ಕೊಲ್ಲಿ ಸೇರುತ್ತದೆ.

ಪೈಪು ನೀರಿನಡಿ ಹಾದು, ಅಗೋ, ಆ ಡ್ರೆಡ್ಜರ್ ಹಡಗಿಗೆ ಸೇರಿದೆ. ಅದು ಆಚೆ ಕಡಲಲ್ಲಿ ಉದ್ದದ ತೋಳು ಇಳಿಬಿಟ್ಟು, ತಳವನ್ನು ಸವರುತ್ತ ಮರಳನ್ನೂ ನೀರನ್ನೂ ಹೀರಿಕೊಂಡು ಬಂದಿದೆ. ಮರಳು ಹಡಗಿನ ಹೊಟ್ಟೆಯಲ್ಲಿ ಕೂತಿತು, ಹೆಚ್ಚಿನ ನೀರು ಅಂಚಿನಿಂದ ಚೆಲ್ಲಿಹೋಯಿತು. ನೇತ್ರಾವತಿಯಲ್ಲಿ ದೋಣಿಯವರು ಮುಳುಗಿ ಬುಟ್ಟಿಯಲ್ಲಿ ಮರಳೆತ್ತುವುದನ್ನು ಕಂಡವರಿಗೆ ಇದು ರಾಕ್ಷಸ ಮರಳುಗಾರಿಕೆ.

ದಂಡೆಗೆ ತುಂಬುವ ಈ ಮರಳನ್ನು ಸಿಕ್ಕಲ್ಲಿ ಅಗೆಯುವಂತಿಲ್ಲ. ಮೊದಲು ಕಂಪಿಸುವ ಕೊಳವೆಯನ್ನು ತಳಕ್ಕೆ ಇಳಿಸಿ ಪದರ ಕೆಡದಂತೆ ಮಾದರಿ ಎತ್ತಬೇಕು, ಕಾಳಿನ ಗಾತ್ರ ಅಳೆಯಬೇಕು. ನುಣ್ಣನೆಯ ಮರಳಾದರೆ ಅಲೆ ಬೇಗ ಬಳಿದೊಯ್ಯುತ್ತದೆ. ಸುಮಾರು 20,000 ವರ್ಷದ ಹಿಂದೆ, ಹಿಮಯುಗದಲ್ಲಿ, ಕಡಲಮಟ್ಟ ನೂರು ಮೀಟರಿಗೂ ಕೆಳಗಿತ್ತು. ಇಂದಿನ ಈ ತಳ ಆಗ ಒಣನೆಲ; ಹಾಗಾಗಿಯೇ ದಂಡೆಗೆ ಹೊಂದುವ ಮರಳು ಅಲ್ಲಿ ಸಿಗುತ್ತದೆ. ದಡದಿಂದ ಮೂರು ನಾಟಿಕಲ್ ಮೈಲಿವರೆಗಿನದು ನ್ಯೂಜೆರ್ಸಿಯದು, ಅದರಾಚೆಯ ಮರಳಿಗೆ ಫೆಡರಲ್ ಸರ್ಕಾರದ ಒಪ್ಪಿಗೆ ಬೇಕು. ಮೀನುಗಾರರ ತಕರಾರು ಬೇರೆ: ತಳದ ಮರಳದಿಬ್ಬಗಳ ಸುತ್ತಲೇ ಮೀನು ಸೇರುವುದು. ನನಗಂತೂ ಅವರ ಮಾತು ನ್ಯಾಯ ಅನಿಸುತ್ತದೆ.

ಪೈಪಿನ ಬಾಯಿಂದ ಬೂದುಗಪ್ಪು ರಾಡಿ ಧುಮ್ಮಿಕ್ಕುತ್ತದೆ. ಚಿಪ್ಪುಮಾಂಸಕ್ಕೆ ಕಡಲಹಕ್ಕಿಗಳ ಕಿತ್ತಾಟ. ಇಂಥ ಕೆಲಸದಲ್ಲಿ ಉಕ್ಕಿನ ಜರಡಿ ಏಕೆ ಬೇಕೆಂದು ಇದೇ ಕರಾವಳಿಯ ಸರ್ಫ್ ಸಿಟಿಯವರನ್ನು ಕೇಳಿ. 2007ರಲ್ಲಿ ಅಲ್ಲಿನ ಹೊಸ ಮರಳಿನಲ್ಲಿ ಮೊದಲ ಮಹಾಯುದ್ಧದ ಕಾಲದ ಸಿಡಿಗುಂಡಿನ ಫ್ಯೂಸುಗಳು ಸಿಕ್ಕಿ, ಬೀಚನ್ನೇ ಮುಚ್ಚಿದರು.

ಸೇನೆಯ ಎಂಜಿನಿಯರುಗಳ ದಳ ಸೀ ಬ್ರೈಟ್‌ನಿಂದ ಮನಾಸ್ಕ್ವಾನ್‌ವರೆಗೆ 21 ಮೈಲಿ ದಂಡೆಗೆ ಮರಳು ತುಂಬಲು ಶುರುಮಾಡಿದ್ದು 1994ರಲ್ಲಿ. ಅದಕ್ಕೂ ಮುಂಚೆ ಇಲ್ಲಿ ಅಲೆ ನೇರ ಕಲ್ಲುಗೋಡೆಗೇ ಅಪ್ಪಳಿಸುತ್ತಿತ್ತು. 2012ರ ಸ್ಯಾಂಡಿ ಚಂಡಮಾರುತ ತುಂಬಿದ್ದನ್ನೂ ಕಿತ್ತುಕೊಂಡು ಹೋಯಿತು; ಮತ್ತೆ ತುಂಬಿದರು. ಯೋಜನೆಯ ಲೆಕ್ಕವೇ 50 ವರ್ಷ ತುಂಬುತ್ತಲೇ ಇರುವುದು. ಉಳ್ಳಾಲದಲ್ಲಿ ಕಲ್ಲು ಹಾಕುತ್ತೇವೆ, ಇಲ್ಲಿ ಕಡಲ ಮರಳನ್ನು ಕಡಲಿಗೇ ಕೊಡುತ್ತಾರೆ.

ಗಡಗಡ ನಿಲ್ಲುತ್ತದೆ. ಹಡಗು ಖಾಲಿಯಾಯಿತು. ಹೆಲ್ಮೆಟ್ಟಿನವನೊಬ್ಬ ಹಿಂದೆ ಸರಿಯಿರೆಂದು ಕೈಬೀಸುತ್ತಾನೆ. ಪೈಪಿಗೆ ಇನ್ನೊಂದು ತುಂಡು ಜೋಡಿಸಿ ತೆಂಕಕ್ಕೆ ಒಯ್ಯಬೇಕು.