ಹೊಸ ಗುಮಾಸ್ತ

ಕೆಲಸದಿಂದ ನಿವೃತ್ತನಾದ ಗುಮಾಸ್ತನ ಕೈ ಸುಮ್ಮನಿರುವುದಿಲ್ಲ. ಹಾಲಿನ ಲೆಕ್ಕ, ಅಗಸನ ಲೆಕ್ಕ, ಯಾವುದೂ ಇಲ್ಲದಿದ್ದರೆ ಕ್ಯಾಲೆಂಡರಿನ ತಾರೀಖುಗಳನ್ನಾದರೂ ಅದು ಕೂಡಿ ನೋಡುತ್ತದೆ. ನಾನು ಒಂದು ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ 34 ವರ್ಷ ಲೆಡ್ಜರು ಬರೆದವನು. ವಿಶ್ರಾಂತಿ ದೊರೆತ ಮೇಲೆ ಗೀತೆ ಓದಬೇಕೆಂದಿದ್ದೆ; ಅದರ ಬದಲು ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳ ಬಳಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ವಿದ್ಯೆ ಕಲಿಯುತ್ತಿದ್ದೇನೆ. ಗೆಳೆಯರು ನಗುತ್ತಾರೆ. ನಗಲಿ, ಈ ವಯಸ್ಸಿನಲ್ಲಿ ಅವರನ್ನು ನಗಿಸುವವರಾದರೂ ಬೇರೆ ಯಾರಿದ್ದಾರೆ?

ಮೊದಲ ಪಾಠಗಳು ಅಷ್ಟೇನೂ ಅಪರಿಚಿತವಲ್ಲ. ವೇರಿಯಬಲ್ ಎಂದರೆ ಹೆಸರಿನ ಚೀಟಿ ಅಂಟಿಸಿದ ಡಬ್ಬ. ನಮ್ಮ ಅಡಿಗೆಮನೆಯಲ್ಲಿಯೂ ಅಂಥವು ಬೇಕಾದಷ್ಟಿವೆ. ‘ಸಕ್ಕರೆ’ ಎಂದು ಬರೆದುದರಲ್ಲಿ ರವೆ ಇರುವುದೂ ಉಂಟು. ‘ಇಫ್’, ‘ಎಲ್ಸ್’ ಎಂಬವು ಪ್ರತಿಯೊಬ್ಬ ಗೃಹಿಣಿಯ ಬಾಯಲ್ಲೂ ಇರುವ ಮಾತು: ಹುರುಳಿಕಾಯಿ ಸಿಕ್ಕರೆ ತನ್ನಿ, ಇಲ್ಲದಿದ್ದರೆ ಸೀಮೆಬದನೆ ತನ್ನಿ. ಲೂಪ್ ಎಂಬುದು ಜಪಸರ. 108 ಮಣಿ ಮುಗಿಯುವವರೆಗೆ ಅದೇ ಮಾತು. ಆದರೆ ಮೇರುಮಣಿ ಬಂದಾಗ ನಿಲ್ಲಬೇಕೆಂದು ಮೊದಲೇ ಹೇಳಿರಬೇಕು. ಹೇಳದಿದ್ದರೆ ಯಂತ್ರವು ಕಲ್ಪಾಂತದವರೆಗೂ ಜಪ ಮಾಡುತ್ತಿರುತ್ತದೆ.

ಒಂದೇ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು: ‘ಶಿಲ್ಕು = ಶಿಲ್ಕು + 1’. ಈ ಸಮಚಿಹ್ನೆಯನ್ನು 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬಾತನು ಬಳಕೆಗೆ ತಂದಂದಿನಿಂದ, ಯಾವ ಸಂಖ್ಯೆ ತನಗಿಂತ ತಾನೇ ಒಂದು ಹೆಚ್ಚಾಗಿತ್ತು? ಮೊಮ್ಮಗಳು, “ತಾತ, ಅದು ಸಮ ಅನ್ನೋ ಗುರುತಲ್ಲ, ಡಬ್ಬದೊಳಗೆ ಹಾಕು ಅನ್ನೋ ಗುರುತು” ಎಂದಳು. ಹಾಗೆಂದ ಮೇಲೆ ತಿಳಿಯಿತು. ಆರಂಭ ಶಿಲ್ಕಿಗೆ ಇಂದಿನ ಜಮಾ ಸೇರಿಸಿ ಆಖೈರು ಶಿಲ್ಕು ಬರೆಯುವುದನ್ನು ನಾನು ನಿತ್ಯವೂ ಮಾಡಿದವನೇ. 1970ರಲ್ಲಿ ಹೊರಬಂದ ಪಾಸ್ಕಲ್ ಭಾಷೆಯಲ್ಲಿ ಈ ಗೊಂದಲವೇ ಬೇಡವೆಂದು ಸಮಚಿಹ್ನೆಯ ಹಿಂದೆ ಎರಡು ಚುಕ್ಕಿ ಇಟ್ಟಿದ್ದಾರೆ. ಸಿ ಭಾಷೆಯವರು ಹಾಕುವುದಕ್ಕೆ ಒಂದು ಸಮಚಿಹ್ನೆ, ಹೋಲಿಸುವುದಕ್ಕೆ ಎರಡು ಎಂದರು. ಪೈಥಾನಿನವರೂ ಅದೇ ಹಾದಿ ಹಿಡಿದರು.

ಇಲ್ಲಿಯವರೆಗೆ ಎಲ್ಲವೂ ಸುಖವಾಗಿತ್ತು. ಅನಂತರ ಬಂದಿತು ಮನಸ್ಸನ್ನು ಇರಿದ ಪಾಠ. ಪ್ರತಿಯೊಂದು ಭಾಷೆಯೂ ಕೆಲವು ಕೆಲಸಗಳನ್ನು ಹುಟ್ಟುವಾಗಲೇ ಕಲಿತು ಬಂದಿರುತ್ತದೆ. ಅವಕ್ಕೆ ಬಿಲ್ಟ್‌ಇನ್ ಫಂಕ್ಷನ್ ಎಂದು ಹೆಸರು. ಹೇಗೆ ಮಾಡಬೇಕೆಂದು ನಾವು ವಿವರಿಸಬೇಕಾದ್ದಿಲ್ಲ, ಹೆಸರು ಹಿಡಿದು ಕರೆದರೆ ಸಾಕು. ಪೈಥಾನಿನಲ್ಲಿ ‘ಲೆನ್’ ಎಂದರೆ ಎಣಿಸುತ್ತದೆ, ‘ಸಾರ್ಟೆಡ್’ ಎಂದರೆ ಕ್ರಮವಾಗಿ ಜೋಡಿಸುತ್ತದೆ, ‘ಸಮ್’ ಎಂದರೆ ಕೂಡುತ್ತದೆ, ‘ರೌಂಡ್’ ಎಂದರೆ ಚಿಲ್ಲರೆ ತೀರಿಸಿ ಪೂರ್ಣಾಂಕ ಮಾಡುತ್ತದೆ. ಎಣಿಸುವುದು, ಜೋಡಿಸುವುದು, ಕೂಡುವುದು, ಚಿಲ್ಲರೆ ತೀರಿಸುವುದು! 34 ವರ್ಷ ನಾನು ಮಾಡಿದ್ದು ಇವೇ ನಾಲ್ಕು. ಮಾರ್ಚ್ ತಿಂಗಳ ಕೊನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಮನೆ ಸೇರಿದ್ದು, ಏಳು ಪೈಸೆ ತಾಳೆಯಾಗದೆ ಎರಡು ಭಾನುವಾರ ಕಳೆದದ್ದು, ಮಕ್ಕಳು ಎಚ್ಚರವಾಗಿದ್ದಾಗ ಅವರ ಮುಖ ನೋಡದೆ ಹೋದ ವಾರಗಳು, ಎಲ್ಲವೂ ನಾಲ್ಕು ಶಬ್ದಗಳಲ್ಲಿ ಮುಗಿದಿತ್ತು. ಮೊಮ್ಮಗಳು ಕೀಲಿ ಒತ್ತಿದಳು; ಉತ್ತರ ಬಂದಿತು. ಅಂದು ಊಟ ರುಚಿಸಲಿಲ್ಲ. ಒಬ್ಬ ಮನುಷ್ಯನ ದುಡಿಮೆಯ ಆಯುಷ್ಯವೆಲ್ಲ ನಾಲ್ಕು ಶಬ್ದದ್ದೆ?

ನಾಲ್ಕಾರು ದಿನ ಆ ಕಡೆ ತಲೆಹಾಕಲಿಲ್ಲ. ಬಳಿಕ, ಈ ಶಬ್ದಗಳ ಹೊಟ್ಟೆಯಲ್ಲಿ ಏನಿದೆಯೋ ನೋಡಿಯೇ ಬಿಡೋಣವೆಂದು ಕುಳಿತೆ. ಅವು ಆಕಾಶದಿಂದ ಉದುರಿದವಲ್ಲ. 1949ರಲ್ಲಿ ಕೇಂಬ್ರಿಜಿನಲ್ಲಿ ಎಡ್‌ಸ್ಯಾಕ್ ಎಂಬ ಕಂಪ್ಯೂಟರು ಕೆಲಸ ಆರಂಭಿಸಿದಾಗ, ಪದೇ ಪದೇ ಬೇಕಾಗುವ ಲೆಕ್ಕಗಳನ್ನು ಅಲ್ಲಿನವರು ಒಮ್ಮೆ ಸರಿಯಾಗಿ ಬರೆದು, ತೂತು ಕೊರೆದ ಕಾಗದದ ಪಟ್ಟಿಗಳಲ್ಲಿ ಕೂಡಿಟ್ಟರು. ವಿಲ್ಕ್ಸ್, ವೀಲರ್, ಗಿಲ್ ಎಂಬ ಮೂವರು 1951ರಲ್ಲಿ ಈ ವಿದ್ಯೆಯ ಮೇಲೆ ಪುಸ್ತಕವನ್ನೇ ಪ್ರಕಟಿಸಿದರು. ಇಂದಿನ ಸಿದ್ಧಶಬ್ದಗಳೆಲ್ಲ ಆ ಪಟ್ಟಿಗಳ ಮೊಮ್ಮಕ್ಕಳು. ಪೈಥಾನಿನ ಜೋಡಣೆಯ ಹಿಂದೆ ಟಿಮ್ ಪೀಟರ್ಸ್ ಎಂಬವರು 2002ರಲ್ಲಿ ರೂಪಿಸಿದ ಕ್ರಮವಿದೆ. ಪಟ್ಟಿಯಲ್ಲಿ ಆಗಲೇ ಸಾಲಾಗಿರುವ ತುಂಡುಗಳನ್ನು ಅದು ಗುರುತಿಸಿ, ಅವನ್ನು ಚದುರಿಸದೆ ಒಂದರೊಳಗೊಂದು ಬೆರೆಸುತ್ತದೆ. ಇದನ್ನು ಓದಿದಾಗ ಎದೆ ಹಗುರವಾಯಿತು. ಶಾಖೆಗಳಿಂದ ಬಂದ ವೋಚರಿನ ಕಟ್ಟುಗಳನ್ನು ನಾವು ಜೋಡಿಸುತ್ತಿದ್ದುದೂ ಹೀಗೆಯೇ! ನಮ್ಮ ಕೈಗೆ ತಿಳಿದಿದ್ದುದನ್ನು ಆ ಮಹನೀಯರು ಅಕ್ಷರಕ್ಕಿಳಿಸಿದ್ದರು.

ಇನ್ನೂ ಒಂದು ಸಂಗತಿ ಹೊಳೆಯಿತು. ಪ್ರತಿಯೊಂದು ಸಿದ್ಧಶಬ್ದದ ಒಳಗೂ ಯಾರೋ ಒಬ್ಬರ ತೀರ್ಮಾನ ಅಡಗಿ ಕುಳಿತಿರುತ್ತದೆ. ‘ಕನ್ನಡ’ ಎಂಬುದರಲ್ಲಿ ಅಕ್ಷರಗಳೆಷ್ಟು? ಮೂರು ಎಂದು ಒಂದನೆಯ ತರಗತಿಯ ಮಗು ಹೇಳೀತು. ಛಂದಸ್ಸು ಬಲ್ಲವರು ನಾಲ್ಕು ಮಾತ್ರೆ ಎಂದಾರು. ಪೈಥಾನಿನ ‘ಲೆನ್’ 5 ಎನ್ನುತ್ತದೆ. ಅದಕ್ಕೆ ಕ, ನ, ಅರ್ಧಾಕ್ಷರದ ಗುರುತು, ನ, ಡ ಎಲ್ಲವೂ ಬೇರೆ ಬೇರೆ. ಗೋ ಎಂಬ ಭಾಷೆಯ ‘ಲೆನ್’ 15 ಎನ್ನುತ್ತದೆ. ಅದು ಅಕ್ಷರವನ್ನಲ್ಲ, ಅಕ್ಷರ ಹಿಡಿಯುವ ಜಾಗವನ್ನು ಬೈಟುಗಳಲ್ಲಿ ಎಣಿಸುತ್ತದೆ. ನಾಲ್ಕೂ ಸರಿಯೇ. ಆದರೆ ಹೆಸರಿಗೆ ಮೂವತ್ತು ಅಕ್ಷರದ ಜಾಗ ಸಾಕೆಂದು ಯೋಚಿಸಿ, ಮೂವತ್ತು ಬೈಟುಗಳನ್ನಷ್ಟೇ ಯಾರಾದರೂ ಬಿಟ್ಟರೆನ್ನಿ. ಆರೇ ಅಕ್ಷರದ ‘ವೆಂಕಟೇಶಮೂರ್ತಿ’ಗೆ 39 ಬೈಟು ಬೇಕು. ಪಾಪ, ಆತನು ‘ವೆಂಕಟೇಶಮೂರ’ ಆಗಿಬಿಡುತ್ತಾನೆ. ಪಿಂಚಣಿಯ ಕಾಗದದಲ್ಲಿ ಹೀಗಾದರೆ ಅದು ನಗುವ ವಿಷಯವಲ್ಲ.

ಜೋಡಿಸುವ ಕತೆಯೂ ಇದೇ. 5, 10, 9 ಎಂಬುದನ್ನು ಜಾವಾಸ್ಕ್ರಿಪ್ಟಿಗೆ ಕೊಟ್ಟು ಸುಮ್ಮನೆ ‘ಸಾರ್ಟ್’ ಎಂದರೆ 10, 5, 9 ಎಂದು ಜೋಡಿಸುತ್ತದೆ. ಸಂಖ್ಯೆಯನ್ನೂ ಅದು ಅಕ್ಷರದಂತೆಯೇ ಓದುತ್ತದೆ, ಒಂದು ಐದಕ್ಕಿಂತ ಮುಂಚಿನದು. ಕನ್ನಡದ ಪದಗಳನ್ನು ಪೈಥಾನಿಗೆ ಕೊಟ್ಟರೆ ‘ಬಳೆ’ ಮೊದಲು, ‘ಬಸವ’ ಆಮೇಲೆ. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ನಂತರ ಕೊನೆಗೆ ಕೂರುತ್ತದೆ. ಆದರೆ ಯೂನಿಕೋಡಿನಲ್ಲಿ ಭಾರತದ ಲಿಪಿಗಳಿಗೆಲ್ಲ 1988ರ ಇಸ್ಕಿ ಸಂಕೇತದ ಮಾದರಿಯಲ್ಲಿ ಒಂದೇ ಪಂಕ್ತಿ ಹಾಕಿದ್ದರಿಂದ ಅದು ಲಕಾರದ ಪಕ್ಕಕ್ಕೆ ಬಂದಿದೆ. ನಮ್ಮ ನಿಘಂಟಿನ ಕ್ರಮ ಬೇಕಿದ್ದರೆ ಆ ನಿಯಮವನ್ನು ನಾವೇ ಹೇಳಿಕೊಡಬೇಕು.

ಚಿಲ್ಲರೆ ತೀರಿಸುವುದಂತೂ ಧರ್ಮಸೂಕ್ಷ್ಮ. ಎರಡೂವರೆಯನ್ನು ಪೂರ್ಣಾಂಕ ಮಾಡೆಂದರೆ ಸಿ ಭಾಷೆಯ ‘ರೌಂಡ್’ 3 ಎನ್ನುತ್ತದೆ, ಪೈಥಾನ್ 2 ಎನ್ನುತ್ತದೆ. ಪೈಥಾನ್ ದಡ್ಡನಲ್ಲ. ನಟ್ಟನಡುವೆ ನಿಂತದ್ದನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುವುದು ಅದರ ನಿಯಮ. ಒಂದೂವರೆ, ಎರಡೂವರೆ, ಮೂರೂವರೆ, ನಾಲ್ಕೂವರೆ ಕೂಡಿ ನೋಡಿ: 12. ಅರ್ಧವನ್ನೆಲ್ಲ ಮೇಲಕ್ಕೇ ಏರಿಸಿದರೆ 14 ಆಗುತ್ತದೆ. ಪೈಥಾನಿನ ನಿಯಮದಂತೆ 2, 2, 4, 4 ಸೇರಿ ಮತ್ತೆ 12. ಆ ಹೆಚ್ಚಿನ ಎರಡು ಯಾರದೋ ಜೇಬಿನಿಂದ ಬಂದದ್ದಲ್ಲವೆ?

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಹಿರಿಯ ಗುಮಾಸ್ತರು ಮೊದಲ ವಾರ ನನಗೆ ಒಂದು ಮೊತ್ತವನ್ನೂ ಕೂಡಲು ಬಿಡಲಿಲ್ಲ. “ಕೂಡೋದಕ್ಕೆ ಆತುರವೇನಯ್ಯಾ? ಯಾವುದನ್ನು ಯಾವುದರ ಜೊತೆ ಕೂಡಬೇಕು ಅನ್ನೋದು ಮೊದಲು ಗೊತ್ತಾಗಲಿ” ಎನ್ನುತ್ತಿದ್ದರು. ಅಂದು ಆ ಮಾತು ಬೇಸರ ತಂದಿತ್ತು. ಈಗ ನೋಡಿದರೆ, ಯಂತ್ರವು ನನ್ನಿಂದ ಕಸಿದುಕೊಂಡದ್ದು ಕೂಡುವುದನ್ನು ಮಾತ್ರ, ಅವರು ಕಲಿಸಿದ್ದನ್ನಲ್ಲ.

ಹೊಸ ಗುಮಾಸ್ತನು ಬಲು ಚುರುಕು. ರಜೆ ಕೇಳನು, ಕಾಫಿಗೆಂದು ಏಳನು, ಬಡ್ತಿಗಾಗಿ ಅರ್ಜಿ ಹಾಕನು. ಆದರೆ, “ಸ್ವಾಮಿ, ಈ ಹೆಸರು ಪೂರ್ತಿ ಬಂದಂತಿಲ್ಲವಲ್ಲ” ಎಂದು ಲೆಡ್ಜರಿನಿಂದ ತಲೆಯೆತ್ತಿ ಕೇಳುವ ಅಭ್ಯಾಸ ಅವನಿಗಿಲ್ಲ. ಹಾಗೆ ಕೇಳುವವರೊಬ್ಬರು ಅವನ ಪಕ್ಕದಲ್ಲಿ ಕುಳಿತಿರಬೇಕು. ಆ ಹುದ್ದೆ ಇನ್ನೂ ರದ್ದಾಗಿಲ್ಲ. ಅದಕ್ಕೆ ನಿವೃತ್ತಿಯ ವಯಸ್ಸೂ ಇಲ್ಲ.