ಹೆಸರಿನ ಒತ್ತು

ನಾವು ಶಾಲೆಯಲ್ಲಿದ್ದ ಕಾಲದಲ್ಲಿ ಚಿತ್ರದ ತರಗತಿಯೆಂದರೆ ಕರಿಹಲಗೆಯ ಮೇಲಿದ್ದುದನ್ನು ಕಾಗದಕ್ಕೆ ಇಳಿಸುವುದೇ ಆಗಿತ್ತು. ಕಾಪುವಿನ ದೀಪಸ್ತಂಭವನ್ನು ಎಷ್ಟು ಸಲ ಬರೆದೆವೋ ಲೆಕ್ಕವಿಲ್ಲ. 1901ರಲ್ಲಿ ಕಡಲಂಚಿನ ಬಂಡೆಯ ಮೇಲೆ ಕಟ್ಟಿದ ಆ ಸ್ತಂಭವು ಉಡುಪಿಗೆ ಅಷ್ಟು ಹತ್ತಿರವಿದ್ದರೂ ನಮ್ಮಲ್ಲಿ ಹಲವರು ಅದನ್ನು ಕಣ್ಣಾರೆ ಕಂಡವರಲ್ಲ. ಹಲಗೆಯ ಚಿತ್ರವನ್ನು ಹೋಲಿದರೆ ಅಂಕಗಳು ದೊರೆಯುತ್ತಿದ್ದುವು. ಹೀಗೆ ಕೈ ಪಳಗಿತು. ಅದಕ್ಕಾಗಿ ನಾವು ಇಂದಿಗೂ ಕೃತಜ್ಞರು. ಕಣ್ಣು ಮಾತ್ರ ಪಳಗದೆ ಉಳಿದಿತ್ತೆಂಬುದು ಬಹುಕಾಲದ ಮೇಲೆ ತಿಳಿದುಬಂತು.

ಮುಂದೆ ನಾವು ಮಣಿಪಾಲದಲ್ಲಿ ಗ್ರಾಫಿಕ್ ಡಿಸೈನ್ ವೃತ್ತಿಗೆ ಸೇರಿದೆವು. ಅಕ್ಷರ, ಚಿತ್ರ, ಬಣ್ಣಗಳನ್ನು ಹೊಂದಿಸಿ ಪುಸ್ತಕ, ಪತ್ರಿಕೆ, ಫಲಕಗಳಿಗೆ ರೂಪು ಕೊಡುವ ಕೆಲಸವದು. ಮೊದಲ ವರುಷವೇ, ಶಾಲೆಯಲ್ಲಿ ನಮಗಿಂತ ಕಿರಿಯಳಾಗಿದ್ದ ಒಬ್ಬಾಕೆಯು ತೀರಿಕೊಂಡ ತನ್ನ ತಾಯಿಯ ಸ್ಮರಣಾರ್ಥ ಆರಾಧನೆಗೆ ಒಂದು ಪತ್ರಿಕೆ ಮಾಡಿಕೊಡಬೇಕೆಂದು ಕೇಳಿದಳು. ಪುಸ್ತಕದಲ್ಲಿ ಕಲಿತ ಇಂಗ್ಲಿಷಿನ ಅಳತೆಯಂತೆಯೇ ನಾವು ಸಾಲುಗಳನ್ನು ಜೋಡಿಸಿದೆವು. ಕನ್ನಡದ ಒತ್ತಕ್ಷರವು ಸಾಲಿನ ಕೆಳಗೆ ಇಳಿಯುವುದೆಂಬುದು ನೆನಪಿಗೇ ಬರಲಿಲ್ಲ. ತಾಯಿಯ ಹೆಸರಿನ ಒತ್ತು ಬಣ್ಣದ ಪಟ್ಟಿಯ ಅಡಿಗೆ ಸೇರಿ ಮರೆಯಾಯಿತು. ಅಚ್ಚಾದ ಇನ್ನೂರು ಪತ್ರಿಕೆಗಳನ್ನು ಕೈಯಲ್ಲಿ ಹಿಡಿದು ಆಕೆಯು, “ಅಕ್ಕಾ, ಅಮ್ಮನ ಹೆಸರು ಹೀಗಲ್ಲವಲ್ಲ” ಎಂದಳು. ಬೈದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಆ ರಾತ್ರಿಯೇ ಬೇರೆ ಪತ್ರಿಕೆ ಅಚ್ಚಾಯಿತೆನ್ನಿ. ಆದರೆ ನಮ್ಮ ಹಿಂದಿನವರು ಈ ಒತ್ತಿನೊಡನೆ ಹೇಗೆ ಬಾಳಿದರೆಂದು ನೋಡುವ ಹಂಬಲ ಅಂದು ಹುಟ್ಟಿತು. ಬಾಸೆಲ್ ಮಿಶನಿನ ಮೋಗ್ಲಿಂಗ್ ಸಾಹೇಬರು 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದುದು ಕಲ್ಲಚ್ಚಿನಲ್ಲಿ. ಅಲ್ಲಿ ಬರೆಯುವವನ ಕೈಯೇ ಒತ್ತಿಗೆ ಎಡೆ ಮಾಡಿಕೊಡಬಹುದು. ಸೀಸದ ಅಚ್ಚುಮೊಳೆಗಳು ಬಂದಮೇಲೆ ಒತ್ತುಗಳಿಗಾಗಿಯೇ ಬೇರೆ ಮೊಳೆಗಳನ್ನು ಎರಕ ಹೊಯ್ಯಬೇಕಾಯಿತು. 1894ರಲ್ಲಿ ಮಂಗಳೂರಿನಲ್ಲಿಯೇ ಮುದ್ರಿತವಾದ ಕಿಟ್ಟೆಲರ ನಿಘಂಟನ್ನು ತೆರೆದು ನೋಡಿರಿ. 1,700ಕ್ಕೂ ಮಿಕ್ಕ ಪುಟಗಳಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ಸಾಲಿನಲ್ಲಿ ಕೂಡಿ ನಡೆಯುತ್ತವೆ. ಗಣಕಯಂತ್ರದ ಕಾಲದಲ್ಲಿ ಕಿನ್ನಿಕಂಬಳದ ಕೆ. ಪಿ. ರಾಯರು ಕಣ್ಣಿಗೆ ಕಾಣುವ ಆಕಾರವನ್ನು ಬಿಟ್ಟು ಕಿವಿಗೆ ಕೇಳುವ ಧ್ವನಿಯನ್ನು ಹಿಡಿದರು. ಉಚ್ಚಾರದ ಕ್ರಮದಲ್ಲಿ ಕೀಲಿಗಳನ್ನು ಒತ್ತುತ್ತ ಹೋದರೆ ಸಾಕು, ಒತ್ತಕ್ಷರವನ್ನು ಯಂತ್ರವೇ ಕೂಡಿಸುವುದು. ಅವರ ಕೀಲಿಮಣೆಯ ವಿನ್ಯಾಸವನ್ನು ಸರಕಾರವೂ ಅಂಗೀಕರಿಸಿತು. ಹೊಸತನವೆಂದರೆ ಅಲಂಕಾರವೆಂದು ತಿಳಿದಿದ್ದ ನಮಗೆ ಇದು ದೊಡ್ಡ ಪಾಠವಾಯಿತು.

ಈಗ ನಮ್ಮಲ್ಲಿಗೆ ಕಲಿಯಬಂದ ಹುಡುಗಿಯರಿಂದ ಮೊದಲು ಅವರವರ ತಾಯಿಯ ಹೆಸರನ್ನು ಕೈಯಿಂದ ಬರೆಯಿಸುತ್ತೇವೆ. ಕಾರ್ಕಳದ ಒಬ್ಬ ಹುಡುಗಿಗೆ ಕಳೆದ ವರುಷ ಒಂದು ಲಗ್ನಪತ್ರಿಕೆಯನ್ನು ಒಪ್ಪಿಸಿದ್ದೆವು. ಸಾಲುಗಳನ್ನು ಅಗಲಿಸಿದರೆ ಸ್ಥಳ ಸಾಲದು. ಅಕ್ಷರಗಳನ್ನು ಕಿರಿದಾಗಿಸಿದರೆ ಮುದುಕರಿಗೆ ಕಾಣದು. ಎರಡು ದಿನ ಸುಮ್ಮನಿದ್ದು ಅವಳು ನೇರವಾಗಿ ಮದುವೆಮನೆಗೇ ಹೋಗಿ, ಹಿರಿಯರೊಡನೆ ಮಾತನಾಡಿ, ಹೆಸರುಗಳ ಹಿಂದೆ ಸಾಲುಗಟ್ಟಿದ್ದ ವಿಶೇಷಣಗಳನ್ನೆಲ್ಲ ತೆಗೆಸಿ ಬಂದಳು. ಸ್ಥಳವು ಬೇಕಾದಷ್ಟಾಯಿತು. ಈ ಉಪಾಯವನ್ನು ನಾವು ಅವಳಿಗೆ ಹೇಳಿಕೊಟ್ಟಿರಲಿಲ್ಲ.