ಪೋರ್ಟ್ಸ್‌ಮತ್ ಬಂದರಿನ ರಾಟೆಗಳು

ನಮ್ಮ ವಾಚಕರಲ್ಲಿ ಸಮುದ್ರವನ್ನು ಕಂಡವರು ಅನೇಕರಿರಬಹುದು. ಹಾಯಿದೋಣಿಯ ಹಗ್ಗವನ್ನು ಕೈಯಲ್ಲಿ ಹಿಡಿದವರು ಬಹು ಸ್ವಲ್ಪ ಮಂದಿ. ಆದರೆ ಬಾವಿಯ ಗಡಗಡೆಯ ಹೆಸರನ್ನೇ ಅರಿಯದ ಮನೆತನವು ನಮ್ಮ ನಾಡಿನಲ್ಲಿ ಇಲ್ಲವೆಂದೇ ಹೇಳಬೇಕು. ಈ ಗಡಗಡೆಯ ವಂಶಕ್ಕೆ ಸೇರಿದ ಸಣ್ಣ ಸಣ್ಣ ಸಾಮಾನುಗಳೇ ಹಾಯಿದೋಣಿಯ ಪ್ರಾಣವೆಂಬುದೂ, ಅವುಗಳನ್ನು ಆರಿಸಿಕೊಳ್ಳುವುದರಲ್ಲಿ ಗೃಹಸ್ಥನಿಗೆ ಬೇಕಾದ ವಿವೇಕವೆಲ್ಲವೂ ಬೇಕಾಗುವುದೆಂಬುದೂ ನಮಗೆ ಮನವರಿಕೆಯಾದುದು ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್ಸ್‌ಮತ್ ಬಂದರಿನಲ್ಲಿ. ಅಲ್ಲಿ ನಾವು ಕಂಡುದನ್ನೂ ಕೇಳಿದುದನ್ನೂ ವಾಚಕರ ಮುಂದಿಡುವೆವು.

ಲಂಡನ್ನಿನಿಂದ ಹೊರಟ ರೈಲು ಎರಡು ಗಂಟೆಯೊಳಗಾಗಿ ನಮ್ಮನ್ನು ಬಂದರಿನ ನಿಲ್ದಾಣಕ್ಕೆ ತಂದು ಬಿಟ್ಟಿತು. ಈ ನಿಲ್ದಾಣವು ನೀರಿನ ಮೇಲೆಯೇ ಕಂಬಗಳನ್ನು ನಿಲ್ಲಿಸಿ ಕಟ್ಟಿದುದಾಗಿದೆ. ಗಾಡಿಯಿಂದ ಇಳಿದೊಡನೆ ಕಾಲ ಕೆಳಗೆ ಅಲೆಗಳ ಸಪ್ಪಳವು ಕೇಳಿಸುತ್ತದೆ. ಎದುರಿಗೆ ಗಾಸ್ಪೋರ್ಟ್ ಎಂಬ ಊರು. ಹೊರಗೆ ಸೋಲೆಂಟ್ ಎಂಬ ಕಿರಿದಾದ ಕಡಲು. ಅದರಾಚೆಗೆ ವೈಟ್ ದ್ವೀಪ. ಗಾಳಿಯೂ ಭರತ ಇಳಿತಗಳೂ ಸೇರಿ ನಾವಿಕನ ಜಾಣತನವನ್ನು ಗಳಿಗೆಗೊಮ್ಮೆ ಪರೀಕ್ಷಿಸುವ ನೀರು ಅದು. ಆದಕಾರಣವೇ ಹಾಯಿದೋಣಿಗಳ ವಿನೋದಕ್ಕೆ ಇದು ಪ್ರಪಂಚದಲ್ಲೆಲ್ಲ ಹೆಸರಾದ ತಾಣ. ಅಮೇರಿಕಾ ಕಪ್ ಎಂಬ ಪ್ರಸಿದ್ಧ ಪಂದ್ಯಕ್ಕೆ ಮೂಲವಾದ ಸ್ಪರ್ಧೆಯು ೧೮೫೧ರಲ್ಲಿ ಈ ವೈಟ್ ದ್ವೀಪವನ್ನು ಸುತ್ತಿಯೇ ನಡೆಯಿತು.

ನಿಲ್ದಾಣದಿಂದ ಕೆಲವು ಹೆಜ್ಜೆಗಳಲ್ಲಿಯೇ ಹಳೆಯ ನೌಕಾಕಟ್ಟೆಯ ಬಾಗಿಲು. ಒಳಗೆ ಸೇನಾಪತಿ ನೆಲ್ಸನ್ನನ 'ವಿಕ್ಟರಿ' ಹಡಗು ನಿಂತಿದೆ. ೧೭೬೫ರಲ್ಲಿ ನೀರಿಗಿಳಿದ ಈ ಹಡಗಿನ ಜೀರ್ಣೋದ್ಧಾರವು ೨೦೨೨ರಲ್ಲಿ ಆರಂಭವಾದುದು ಬಹು ವರ್ಷಗಳ ಕೆಲಸವಾದುದರಿಂದ, ಕೂವೆಮರಗಳನ್ನು ಇಳಿಸಿ ಸುತ್ತಲೂ ಸಾರುವೆ ಕಟ್ಟಿದ್ದರು. ಕೂವೆಯಿಲ್ಲದ ಹಡಗನ್ನು ಕಂಡು ನಮಗೆ ಮೊದಲು ನಿರಾಶೆಯಾಯಿತು. ಆದರೆ ಇಳಿಸಿಟ್ಟುದರ ಲೆಕ್ಕವನ್ನು ಕೇಳಿದಾಗ ಆಶ್ಚರ್ಯವೇ ಹೆಚ್ಚಾಯಿತು. ಪೂರ್ಣವಾಗಿ ಸಜ್ಜಾಗಿರುವಾಗ ಈ ಒಂದು ಹಡಗಿಗೆ ಬೇಕಾಗುವ ಹಗ್ಗವು ಸುಮಾರು ೨೬ ಮೈಲಿ, ರಾಟೆಗಳು ೭೬೮. ಫಿರಂಗಿಗಳ ಮಾತನ್ನು ಎಲ್ಲರೂ ಆಡುವರು. ರಾಟೆಗಳ ಮಾತನ್ನು ಆಡುವವರಿಲ್ಲ. ಆದರೆ ಹಾಯಿಯನ್ನು ಏರಿಸುವ ಹಗ್ಗವು ಗಾಲಿಯಲ್ಲಿ ಕಚ್ಚಿಕೊಂಡರೆ ಫಿರಂಗಿಯನ್ನು ಶತ್ರುವಿನ ಕಡೆಗೆ ತಿರುಗಿಸುವುದೇ ಅಸಾಧ್ಯ.

ಆ ಕಾಲದಲ್ಲಿ ಇಂಗ್ಲೆಂಡಿನ ನೌಕಾಪಡೆಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ರಾಟೆಗಳು ಬೇಕಾಗುತ್ತಿದ್ದುವು. ಗುತ್ತಿಗೆದಾರರು ಬಹುಮಟ್ಟಿಗೆ ಕೈಗೆಲಸದಿಂದಲೇ ಅವುಗಳನ್ನು ಮಾಡಿಸಿ ಕೊಡುತ್ತಿದ್ದುದರಿಂದ ಬೆಲೆಯೂ ಹೆಚ್ಚು, ಒಂದರಂತೆ ಇನ್ನೊಂದು ಇರುತ್ತಿದ್ದುದೂ ಇಲ್ಲ. ಫ್ರಾನ್ಸ್ ದೇಶದಲ್ಲಿ ಹುಟ್ಟಿ, ಅಲ್ಲಿಯ ಕ್ರಾಂತಿಯ ಕಾಲದಲ್ಲಿ ಅಮೇರಿಕಕ್ಕೆ ಓಡಿ, ೧೭೯೯ರಲ್ಲಿ ಇಂಗ್ಲೆಂಡಿಗೆ ಬಂದ ಮಾರ್ಕ್ ಬ್ರುನೆಲ್ ಎಂಬ ಶಿಲ್ಪಜ್ಞನು ರಾಟೆಗಳನ್ನು ಯಂತ್ರದಿಂದ ಮಾಡುವ ಉಪಾಯವನ್ನು ಕಲ್ಪಿಸಿದನು. ನೌಕಾಕಟ್ಟೆಗಳ ಸುಧಾರಣೆಯನ್ನು ವಹಿಸಿಕೊಂಡಿದ್ದ ಸ್ಯಾಮ್ಯುಯೆಲ್ ಬೆಂಥಾಮನು ಅದನ್ನು ಎತ್ತಿಹಿಡಿದನು. ಹೆನ್ರಿ ಮಾಡ್ಸ್ಲೆ ಎಂಬ ಕುಶಲಿಯು ಲೋಹದಲ್ಲಿ ಯಂತ್ರಗಳನ್ನು ನಿರ್ಮಿಸಿಕೊಟ್ಟನು. ೧೮೦೨ರಲ್ಲಿ ಮೊದಲಾದ ಈ ಉದ್ಯಮದಲ್ಲಿ ೪೫ ಯಂತ್ರಗಳಿದ್ದುವು. ೧೮೦೮ರ ವೇಳೆಗೆ ವರ್ಷಕ್ಕೆ ೧,೩೦,೦೦೦ ರಾಟೆಗಳು ಸಿದ್ಧವಾಗುತ್ತಿದ್ದುವು. ಮೊದಲು ೧೧೦ ಜನ ನುರಿತವರು ಮಾಡುತ್ತಿದ್ದ ಕೆಲಸಕ್ಕೆ ಹತ್ತು ಜನರು ಸಾಕಾದರು. ೧೮೦೫ರಲ್ಲಿ ನೆಲ್ಸನ್ನನು ಟ್ರಫಾಲ್ಗರ್ ಯುದ್ಧಕ್ಕೆಂದು ಹಡಗನ್ನೇರಿದ ದಿನ ಬೆಳಿಗ್ಗೆ ಈ ಕಾರ್ಖಾನೆಗೆ ಬಂದು ನೋಡಿಕೊಂಡು ಹೋದನಂತೆ. ಕಟ್ಟಡವು ನೌಕಾಪಡೆಯ ಆವರಣದೊಳಗೆ ಇಂದಿಗೂ ಇದೆ. ಅಲ್ಲಿಗೆ ಯಾತ್ರಿಕರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಯಂತ್ರಗಳಲ್ಲಿ ಕೆಲವನ್ನು ಲಂಡನ್ನಿನ ಸಯನ್ಸ್ ಮ್ಯೂಸಿಯಮಿನಲ್ಲಿ ಇಟ್ಟಿರುವರು.

ಹಳೆಯ ರಾಟೆಯ ರಚನೆಯು ಸರಳವಾದುದು. ಹೊರಗಿನ ಕವಚವು ಎಲ್ಮ್ ಮರದ್ದು. ಒಳಗಿನ ಗಾಲಿಯು ಲಿಗ್ನಂ ವೀಟೆ ಎಂಬ, ತನ್ನಲ್ಲಿಯೇ ಜಿಡ್ಡುಳ್ಳ ಅತಿ ಗಟ್ಟಿಯಾದ ಮರದ್ದು. ನಡುವೆ ಕಬ್ಬಿಣದ ಅಚ್ಚು. ಒಂದೊಂದು ಭಾಗಕ್ಕೂ ಅದರದರ ಕೆಲಸಕ್ಕೆ ತಕ್ಕ ವಸ್ತುವನ್ನು ಹುಡುಕಿರುವುದನ್ನು ಗಮನಿಸಬೇಕು. ಈಗಿನ ದೋಣಿಗಳಲ್ಲಿ ಕವಚವು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಮಿನದು. ೧೯೬೦ರ ದಶಕದ ಕೊನೆಯಲ್ಲಿ ಅಮೇರಿಕದ ವಿಸ್ಕಾನ್ಸಿನ್ ಪ್ರಾಂತದ ಪೀಟರ್ ಹಾರ್ಕೆನ್ ಎಂಬವರು ಗಾಲಿಯೊಳಗೆ ಪ್ಲಾಸ್ಟಿಕ್ಕಿನ ಸಣ್ಣ ಗುಂಡುಗಳನ್ನಿಟ್ಟು, ಎಣ್ಣೆಯಿಲ್ಲದೆ ಉಪ್ಪುನೀರಿನಲ್ಲಿಯೂ ಹಗುರವಾಗಿ ತಿರುಗುವ ರಾಟೆಗಳನ್ನು ಮಾಡಿದರು. ವಸ್ತು ಬದಲಾಯಿತು, ಸೂತ್ರವು ಬದಲಾಗಲಿಲ್ಲ.

ಮಧ್ಯಾಹ್ನ ನಾವು ದಾಟುದೋಣಿಯನ್ನೇರಿ ಗಾಸ್ಪೋರ್ಟಿಗೆ ಹೋದೆವು. ದಾಟಲು ಐದು ನಿಮಿಷವೂ ಬೇಡ. ೧೮೧೭ರಲ್ಲಿ ನಮ್ಮ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ 'ಟ್ರಿಂಕೊಮಲಿ' ಎಂಬ ಹಡಗು ಹಲವು ದಶಕಗಳ ಕಾಲ ಇದೇ ಬಂದರಿನಲ್ಲಿ ನಿಂತಿತ್ತು. ಈಗ ಅದು ಉತ್ತರದ ಹಾರ್ಟ್ಲ್‌ಪೂಲ್ ಊರಿನಲ್ಲಿದೆ. ಗಾಸ್ಪೋರ್ಟಿನ ದಂಡೆಯಲ್ಲಿ ಖಾಸಗಿ ದೋಣಿಗಳ ಕೂವೆಗಳು ಅಡಿಕೆಯ ತೋಟದಂತೆ ಒತ್ತೊತ್ತಾಗಿ ನಿಂತಿವೆ.

ಅಲ್ಲಿ ೨೮ ಅಡಿ ಉದ್ದದ ಒಂದು ಹಳೆಯ ದೋಣಿಯ ಬಳಿ ಎಪ್ಪತ್ತು ದಾಟಿದ ದಂಪತಿಗಳನ್ನು ಕಂಡೆವು. ದೋಣಿಯು ೧೯೭೦ರ ದಶಕದ್ದು. ಅದರಲ್ಲಿ ಅವರು ಮಕ್ಕಳನ್ನು ಬೆಳೆಸಿದ್ದರು. ಮೊಮ್ಮಕ್ಕಳಿಗೆ ಗಂಟು ಹಾಕುವುದನ್ನು ಕಲಿಸಿದ್ದರು. ಈಗ ಆಕೆಯ ಮಣಿಕಟ್ಟಿಗೆ ಸಂಧಿವಾತ. ಯಜಮಾನರು, "ಇವಳು ನೋವನ್ನು ನುಂಗಿಕೊಂಡು ಹಗ್ಗ ಎಳೆಯುವುದನ್ನು ನೋಡಲಾರೆ, ಮಾರಿಬಿಡೋಣ" ಎನ್ನುವರು. ಆಕೆಯಾದರೋ, "ದೋಷ ನನ್ನ ಕೈಯದ್ದೋ ದೋಣಿಯ ಸಾಮಾನಿನದ್ದೋ ಎಂಬುದನ್ನು ಮೊದಲು ತಿಳಿಯೋಣ" ಎನ್ನುವರು. ಅದನ್ನು ತಿಳಿಯುವುದಕ್ಕಾಗಿ ಕೂವೆ ಹಗ್ಗಗಳ ಕೆಲಸದಲ್ಲಿ ತಲೆ ನರೆಸಿದ ಒಬ್ಬ ಕೆಲಸಗಾರನನ್ನು ಅಂದು ಕರೆಸಿದ್ದರು. ಅವರ ಅನುಮತಿಯಿಂದ ನಾವೂ ದೋಣಿಯ ಮೇಲೆ ಕುಳಿತೆವು.

ಕೆಲಸಗಾರನು ಮೊದಲು ಕೈಹಾಕಿದುದು ಸಾಮಾನಿಗಲ್ಲ, ಲೆಕ್ಕಕ್ಕೆ. ಮುಂದಿನ ಹಾಯಿಯ ವಿಸ್ತಾರ ೨೫ ಚದರ ಮೀಟರು. ಗಾಳಿಯು ಗಂಟೆಗೆ ೧೫ ನಾಟಿಕಲ್ ಮೈಲಿಯ ವೇಗದಲ್ಲಿ ಬೀಸುವಾಗ ಅದನ್ನು ಬಿಗಿಹಿಡಿದ ಹಗ್ಗದ ಮೇಲೆ ಬೀಳುವ ಭಾರವು ಸುಮಾರು ೧೨೦ ಕಿಲೋಗ್ರಾಂ. ಗಾಳಿಯು ಇಮ್ಮಡಿಯಾದರೆ ಭಾರವು ಇಮ್ಮಡಿಯಲ್ಲ, ನಾಲ್ಮಡಿಯಾಗಿ ೪೭೫ರ ಹತ್ತಿರಕ್ಕೆ ಏರುವುದು. ಅಷ್ಟು ಗಾಳಿಯಲ್ಲಿ ಹಾಯಿಯನ್ನು ಕಿರಿದುಮಾಡುವರೆಂಬುದು ನಿಜ. ಆದರೆ ಗಾಳಿಯ ಹೊಡೆತವು ಹೇಳಿ ಕಳುಹಿಸಿ ಬರುವುದಿಲ್ಲ.

ಇದಕ್ಕಿಂತ ವಿಸ್ಮಯಕರವಾದ ಸಂಗತಿಯೊಂದಿದೆ. ಹಗ್ಗವು ದೋಣಿಯ ಹಿಂಭಾಗದ ರಾಟೆಯನ್ನು ಸುತ್ತಿ ಬಂದ ದಿಕ್ಕಿಗೇ ತಿರುಗಿದರೆ, ಆ ರಾಟೆಯ ಬುಡದ ಮೇಲೆ ಬೀಳುವುದು ಹಗ್ಗದ ಭಾರದ ಎರಡರಷ್ಟು. ಬಾವಿಯ ಗಡಗಡೆಯನ್ನು ನೆನೆದರೆ ಇದು ತಿಳಿಯುವುದು. ಹತ್ತು ಕಿಲೋ ತೂಗುವ ಕೊಡವು ಒಂದು ಕಡೆ ತೂಗುವಾಗ ಸೇದುವವರು ಇನ್ನೊಂದು ಕಡೆ ಹತ್ತು ಕಿಲೋ ಎಳೆಯಬೇಕು. ಮೇಲಿನ ತೊಲೆಯು ಇಪ್ಪತ್ತನ್ನೂ ಹೊರಬೇಕು. ಮೂಲೆಯಂತೆ ಸಮಕೋನದಲ್ಲಿ ತಿರುಗಿದ ಹಗ್ಗಕ್ಕೆ ಈ ಭಾರವು ಸುಮಾರು ಒಂದೂವರೆಯಷ್ಟು. ಆದುದರಿಂದ ರಾಟೆಯನ್ನು ಕೊಳ್ಳುವಾಗ ಹಗ್ಗದ ದಪ್ಪವನ್ನು ಮಾತ್ರ ನೋಡಿದರೆ ಸಾಲದು. ಹಗ್ಗವು ಅಲ್ಲಿ ಎಷ್ಟು ತಿರುಗುವುದೆಂಬುದನ್ನೂ ನೋಡಬೇಕು.

ಎರಡನೆಯದು ವಿಂಚು. ಒರಳಿನ ಆಕಾರದ ಲೋಹದ ಉರುಳೆಗೆ ಹಗ್ಗವನ್ನು ಮೂರು ನಾಲ್ಕು ಸುತ್ತು ಸುತ್ತಿ, ಮೇಲೆ ಹಿಡಿಯನ್ನು ಸಿಕ್ಕಿಸಿ ತಿರುಗಿಸುವರು. ೧೯೦೩ರಲ್ಲಿಯೇ ಅಮೇರಿಕದ ನತಾನಿಯೆಲ್ ಹೆರೆಶಾಫನು 'ರಿಲಾಯನ್ಸ್' ಎಂಬ ಪಂದ್ಯದ ನೌಕೆಯಲ್ಲಿ ಎರಡು ವೇಗದ ವಿಂಚುಗಳನ್ನು ಅಟ್ಟದ ಕೆಳಗೆ ಅಳವಡಿಸಿದ್ದನು. ವಿಂಚಿನ ಹೆಸರಿನೊಡನೆ ಬರುವ ಅಂಕೆಯು ಸಾಧಾರಣವಾಗಿ ಅದರ ಬಲವನ್ನು ತಿಳಿಸುತ್ತದೆ. ಈ ದಂಪತಿಗಳ ಹಳೆಯ ವಿಂಚಿನ ಅಂಕೆ ೮. ಎಂದರೆ ೧೨೦ ಕಿಲೋಗ್ರಾಮಿಗೆ ಕೈಯ ಮೇಲೆ ೧೫ ಕಿಲೋ, ಗಾಳಿ ಹೆಚ್ಚಿದರೆ ಸುಮಾರು ೬೦. ಅಂಕೆ ೩೦ರ ಎರಡು ವೇಗದ ವಿಂಚಾದರೆ ಅದೇ ಭಾರಗಳಿಗೆ ನಾಲ್ಕೂ ಹದಿನಾರೂ ಸಾಕು. ತಿಕ್ಕಾಟಕ್ಕೆಂದು ಸ್ವಲ್ಪ ಸೇರಿಸಿಕೊಳ್ಳಬೇಕು. ಲೆಕ್ಕವನ್ನು ಕೇಳಿದ ಆಕೆಯು ಯಜಮಾನರ ಕಡೆಗೆ ತಿರುಗಿ, "ನೋಡಿದಿರಾ, ದೋಷ ನನ್ನ ಕೈಯದ್ದಲ್ಲ" ಎಂದರು.

ವಿಂಚನ್ನು ಬಿಚ್ಚಿದಾಗ ಇನ್ನೊಂದು ವಿಷಯ ಹೊರಬಿತ್ತು. ಒಳಗೆ ಉರುಳೆಯನ್ನು ಹಿಂದಕ್ಕೆ ಜಾರದಂತೆ ತಡೆಯುವ ಸಣ್ಣ ನಾಲಗೆಗಳೂ ಅವುಗಳ ಸ್ಪ್ರಿಂಗುಗಳೂ ಇರುತ್ತವೆ. ಯಾರೋ ಅವುಗಳಿಗೆ ದಪ್ಪ ಗ್ರೀಸನ್ನು ತುಂಬಿದ್ದರು. ಅದು ಗಟ್ಟಿಯಾಗಿ ನಾಲಗೆಗಳು ಅಂಟಿಕೊಂಡಿದ್ದುವು. ಭಾರವಿರುವಾಗ ನಾಲಗೆ ಜಾರಿದರೆ ಹಿಡಿಯು ರಭಸದಿಂದ ಹಿಂದಕ್ಕೆ ತಿರುಗಿ ತೋಳನ್ನೇ ಮುರಿಯಬಲ್ಲುದು. ಹಲ್ಲುಗಾಲಿಗೆ ಗ್ರೀಸು, ನಾಲಗೆಗೆ ತೆಳುವಾದ ಎಣ್ಣೆ ಎಂಬುದು ಕಸುಬಿನ ನಿಯಮ. ಬೆಲೆಯಿಲ್ಲದ ಈ ಸುಧಾರಣೆಯನ್ನು ಬಿಟ್ಟು ಅಂಗಡಿಗೆ ಓಡುವವರೇ ಹೆಚ್ಚೆಂದು ಕೆಲಸಗಾರನು ನಕ್ಕನು.

ಮೂರನೆಯದು ಹಗ್ಗವನ್ನು ಹಿಡಿದಿಡುವ ಸಾಧನ. ಎರಡು ಕೊಂಬುಗಳ ಕ್ಲೀಟು ಎಲ್ಲಕ್ಕಿಂತ ಹಳೆಯದು: ಬುಡಕ್ಕೆ ಒಂದು ಸುತ್ತು, ಆಮೇಲೆ ಕೊಂಬುಗಳಿಗೆ ಅಡ್ಡಲಾಗಿ ಎಂಟರ ಅಂಕೆಯ ಹಾಗೆ ಸುತ್ತಿದರೆ ಎಷ್ಟು ಭಾರವಿದ್ದರೂ ನಿಲ್ಲುವುದು, ಬೇಕಾದಾಗ ಮೆಲ್ಲನೆ ಬಿಡಲೂ ಬರುವುದು. ಈಗಿನ ಸನ್ನೆಯ ಹಿಡಿಕೆಗಳಲ್ಲಿ ನಾಲ್ಕೈದು ಹಗ್ಗಗಳನ್ನು ಹಿಡಿದಿಟ್ಟು ಒಂದೇ ವಿಂಚಿನಿಂದ ಎಲ್ಲವನ್ನೂ ಎಳೆಯಬಹುದು. ಆದರೆ ಹಿಡಿಕೆಯು ಹಗ್ಗದ ದಪ್ಪಕ್ಕೆ ಸರಿಯಾಗಿರಬೇಕು. ಹನ್ನೆರಡು ಮಿಲಿಮೀಟರಿನ ಹಗ್ಗಕ್ಕೆ ಮಾಡಿದ ಹಿಡಿಕೆಯಲ್ಲಿ ಎಂಟರ ಹಗ್ಗವು ಜಾರಿಹೋಗುವುದು. ಮತ್ತು ಹಗ್ಗದ ಭಾರವನ್ನು ಮೊದಲು ವಿಂಚಿಗೆ ಒಪ್ಪಿಸದೆ ಸನ್ನೆಯನ್ನು ಎತ್ತಿದವರ ಅಂಗೈಯ ಚರ್ಮವು ಉಳಿಯದು.

ಇಷ್ಟಾದಮೇಲೆ ಯಜಮಾನರು ಹೊಸ ಹಗ್ಗದ ಒಂದು ಸುರುಳಿಯನ್ನು ಹೊರತೆಗೆದರು. ಡೈನೀಮಾ ಎಂಬ ನೂಲಿನದು. ತೂಕಕ್ಕೆ ತೂಕ ನೋಡಿದರೆ ಉಕ್ಕಿಗಿಂತಲೂ ಬಲ, ಹಿಗ್ಗುವುದು ಅತ್ಯಲ್ಪ. ಎಲ್ಲಕ್ಕಿಂತ ಮೊದಲು ಇದನ್ನು ಹಾಕಿದರೆ ದೋಣಿಯು ಹೊಸದಾಗುವುದೆಂದು ಒಬ್ಬ ವ್ಯಾಪಾರಿಯು ಹೇಳಿದ್ದನಂತೆ. ಕೆಲಸಗಾರನು ತಲೆಯಾಡಿಸಿ ಕೂವೆಯ ತುದಿಯನ್ನು ತೋರಿಸಿದನು. ಆ ಕಾಲದ ಅನೇಕ ದೋಣಿಗಳಲ್ಲಿ ಹಾಯಿಯನ್ನು ಏರಿಸುತ್ತಿದ್ದುದು ಉಕ್ಕಿನ ತಂತಿ. ಅದಕ್ಕೆಂದು ಮಾಡಿದ ಗಾಲಿಯ ಗಾಡಿಯು ಕಿರಿದು, ಅಂಚುಗಳು ಹರಿತ. ಅದರಲ್ಲಿ ಹೊಸ ಹಗ್ಗವನ್ನು ಓಡಿಸಿದರೆ ಎಳೆ ಎಳೆಯಾಗಿ ಕತ್ತರಿಸಿಹೋಗುವುದು. ಅಲ್ಲದೆ, ಹಳೆಯ ಹಗ್ಗವು ಹಿಗ್ಗಿ ಗಾಳಿಯ ಹೊಡೆತವನ್ನು ಸ್ವಲ್ಪ ತಾನೇ ನುಂಗಿಕೊಳ್ಳುತ್ತಿತ್ತು. ಹಿಗ್ಗದ ಹಗ್ಗವು ಹೊಡೆತವನ್ನೆಲ್ಲ ಮುಂದಿನ ರಾಟೆಗೂ ಅದರ ಮೊಳೆಗೂ ದಾಟಿಸುವುದು. ಹಗ್ಗವು ಉಳಿದು, ಅದನ್ನು ಹಿಡಿದ ಸಾಮಾನು ಕಿತ್ತುಬರುವುದು. ಬಿಗಿಯಾದ ಹಗ್ಗದಿಂದ ಕಿತ್ತುಬಂದ ರಾಟೆಯು ಕವಣೆಯ ಕಲ್ಲಿನಂತೆ ಹಾರುವುದರಿಂದ ಇದು ಹಣದ ಪ್ರಶ್ನೆ ಮಾತ್ರವಲ್ಲ, ಜೀವದ ಪ್ರಶ್ನೆ.

ಸಂಜೆಯ ಹೊತ್ತಿಗೆ ಒಂದು ಪಟ್ಟಿ ಸಿದ್ಧವಾಯಿತು. ಮೊದಲು ಕೂವೆಯ ತುದಿಗೆ ಅಗಲ ಗಾಡಿಯ ಹೊಸ ಗಾಲಿ. ಎರಡನೆಯದಾಗಿ ಹಗ್ಗದ ತುದಿಯನ್ನು ತಾನೇ ಕಚ್ಚಿಹಿಡಿಯುವ ವಿಂಚುಗಳ ಒಂದು ಜೋಡಿ. ಇವಿದ್ದರೆ ಒಂದು ಕೈಯಿಂದ ಎಳೆಯುತ್ತ ಇನ್ನೊಂದರಿಂದ ತಿರುಗಿಸುವ ಕಷ್ಟವಿಲ್ಲ, ಆಕೆ ಎರಡು ಕೈಗಳನ್ನೂ ಹಿಡಿಗೆ ಕೊಡಬಹುದು. ಹೊಸದಕ್ಕೆ ಬೆಲೆ ಬಹಳವಾದುದರಿಂದ, ಬಿಡಿಭಾಗಗಳು ಇಂದಿಗೂ ದೊರೆಯುವ ಜಾತಿಯದನ್ನು ಹುಡುಕಿ, ಒಳಗಿನ ಹಲ್ಲುಗಾಲಿಗಳನ್ನು ಪರೀಕ್ಷಿಸಿ, ಬಳಸಿದುದನ್ನೇ ಕೊಳ್ಳುವುದೆಂದು ನಿಶ್ಚಯವಾಯಿತು. ಅವುಗಳ ಕೆಳಗೆ, ಅಟ್ಟದ ಒಳಮೈಗೆ, ಭಾರವನ್ನು ಹರಡುವ ದಪ್ಪ ಹಲಗೆ. ಮೊಳೆಯ ತೂತುಗಳಿಂದ ನೀರಿಳಿದು ಒಳಗಿನ ಮರವು ಕೊಳೆಯದಂತೆ ಸುತ್ತಲೂ ರಾಳದ ಲೇಪ. ಹಿಂಭಾಗದ ರಾಟೆಗೂ ಇದೇ ಉಪಚಾರ. ಹೊಸ ಹಗ್ಗವು ಇವೆಲ್ಲ ಮುಗಿದಮೇಲೆ. ಚೆನ್ನಾಗಿ ತಿರುಗುತ್ತಿದ್ದ ಉಳಿದ ರಾಟೆಗಳನ್ನು ಮುಟ್ಟುವುದೇ ಬೇಡವೆಂದಾಯಿತು. ಆ ವರ್ಷ ದೋಣಿಯನ್ನು ಮಾರುವ ಮಾತನ್ನು ಯಜಮಾನರು ಮತ್ತೆ ಎತ್ತಲಿಲ್ಲ.

ದೋಣಿಯಾಗಲಿ ಮನೆಯಾಗಲಿ, ಸುಧಾರಣೆಯೆಂದರೆ ಅಂಗಡಿಯಲ್ಲಿ ಎಲ್ಲಕ್ಕಿಂತ ಬಲವಾದುದನ್ನು ತಂದು ಹಾಕುವುದೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಒಂದು ಭಾಗವನ್ನು ಬಲಪಡಿಸಿದಾಗ ಅದರ ಭಾರವು ಯಾರ ಹೆಗಲಿಗೆ ದಾಟಿತೆಂಬುದನ್ನು ವಿಚಾರಿಸುವವರು ವಿರಳ. ಭಾರವು ಹೋಗುವ ದಾರಿಯನ್ನು ತುದಿಯಿಂದ ಬುಡದವರೆಗೆ ಕಣ್ಣಿನಿಂದ ಹಿಂಬಾಲಿಸಿ, ಅತಿ ದುರ್ಬಲವಾದ ಸ್ಥಳಕ್ಕೆ ಮೊದಲ ಹಣವನ್ನು ಕೊಡುವುದೇ ನಿಜವಾದ ಮಿತವ್ಯಯವು. ಬಾವಿಗೆ ಹೊಸ ಮಿಣಿಯನ್ನು ತರುವ ಮುನ್ನ ತೊಲೆಯನ್ನೊಮ್ಮೆ ತಟ್ಟಿನೋಡುವ ಹಿರಿಯರಿಗೆ ಈ ಮಾತನ್ನು ನಾವು ಹೇಳಬೇಕಾದುದಿಲ್ಲ.